ಜಗದೇಕಮಲ್ಲ ದೊರೆಗೆ ನಾರಾಯಣಪುರದಿಂದ ಒಂದು ಬಹಿರಂಗ ಪತ್ರ

ದೊರೆಯೇ,

ನಿಮ್ಮ ಕಲ್ಯಾಣದ ಮಗ್ಗುಲಲ್ಲೇ ಇರುವ ನಾರಾಯಣಪುರದಿಂದ ಬರೆಯುತ್ತಿದ್ದೇನೆ. ಕಲ್ಯಾಣವನ್ನು ಈಗ ಬಸವಕಲ್ಯಾಣ ಅನ್ನುತ್ತೇವೆ. ನಿಮ್ಮ ಅರಮನೆ ಎಲ್ಲಿತ್ತು ಎಂದು ಕೇಳಿದರೆ ಬೆರಳು ಮಾಡಿ ತೋರಿಸುವವರು ಇಲ್ಲಿ ಯಾರೂ ಇಲ್ಲ. ನಮ್ಮೂರಿನಲ್ಲಿ ನಿಮ್ಮ ಚಾಲುಕ್ಯ ಮನೆತನದ ಕಾಲದ ಶಿವಾಲಯವೊಂದು ನಿಂತಿದೆ. ಅದರ ಹೊರಗೋಡೆಯ ಕಲ್ಲಿನ ಹೆಣ್ಣುಮಕ್ಕಳನ್ನು ನೋಡುತ್ತಲೇ ಬೆಳೆದವನು ನಾನು. ನಮ್ಮದು ಪತ್ತಾರರ ಮನೆ. ಅಪ್ಪ ಬಂಗಾರದ ಕೆಲಸ ಮಾಡುತ್ತಿದ್ದರು. ಈ ಪತ್ರಕ್ಕೂ ಅವರ ಕೆಲಸಕ್ಕೂ ಸಂಬಂಧವಿದೆ. ನಿಮ್ಮಲ್ಲಿ ಒಪ್ಪಿಸಬೇಕಾದ ತಪ್ಪೊಂದು ನಮ್ಮ ಮನೆಯಲ್ಲಿ ನಡೆದುಹೋಗಿದೆ.

ನಾನಾಗ ಆರನೇ ಇಯತ್ತೆ. ಮಳೆಗಾಲ, ದೀಪ ಹಚ್ಚುವ ಹೊತ್ತು. ಪಕ್ಕದ ಹಳ್ಳಿಯ ರೈತರೊಬ್ಬರು ಬಂದು ಅಪ್ಪನ ಮುಂದೆ ಕುಳಿತು, ಧೋತರದ ತುದಿಯ ಗಂಟು ಬಿಚ್ಚಿದರು. "ಮಾವಾ, ಹೊಲದಾಗ ಸಿಕ್ಕದ. ಹಿತ್ತಾಳಿ ಅದನೋ ಬಂಗಾರ ಅದನೋ ನೋಡ್ರಿ." ಮಣ್ಣು ಮೆತ್ತಿದ್ದ ತೆಳ್ಳನೆಯ ಬಿಲ್ಲೆ. ನಡುವೆ ಸ್ವಲ್ಪ ಒಳಕ್ಕೆ ತಗ್ಗಿ, ಅಂಚು ಮೇಲೆದ್ದು, ಪುಟ್ಟ ಬಟ್ಟಲಿನ ಹಾಗಿತ್ತು. ಅಪ್ಪ ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಒರೆಗಲ್ಲಿನ ಮೇಲೆ ಒಂದು ಗೆರೆ ಎಳೆದರು. ಕಂದೀಲಿನ ಬೆಳಕಿಗೆ ಹಿಡಿದು ನೋಡಿ ಅಂದರು: "ಬಂಗಾರೇ ಅದ. ಛಲೋ ಬಂಗಾರ ಅದ."

ನನ್ನ ಕಣ್ಣು ಗೆರೆಯ ಮೇಲಿರಲಿಲ್ಲ, ಬಿಲ್ಲೆಯ ಮೇಲಿತ್ತು. ಅಂಚಿನುದ್ದಕ್ಕೂ ಬೇರೆ ಬೇರೆ ಮುದ್ರೆಗಳನ್ನು ಹೊಡೆದಿದ್ದರು. ಒಂದರಲ್ಲಿ ಪಂಜ ಎತ್ತಿದ ಸಿಂಹ ನನಗೆ ಸ್ಪಷ್ಟವಾಗಿ ಕಂಡಿತು. ಇನ್ನೊಂದರಲ್ಲಿ ಅಕ್ಷರದಂಥದ್ದು ಏನೋ ಇತ್ತು. ಓದಲು ಬಗ್ಗುವಷ್ಟರಲ್ಲಿ ಅಪ್ಪ ಚಿಮ್ಮಟದಿಂದ ಎತ್ತಿ ಮೂಸೆಗೆ ಹಾಕಿದರು. ಮಗಳ ಲಗ್ನ ಹತ್ತಿರವಿತ್ತು, ರೈತರಿಗೆ ಅವಸರ. "ಈಗ್ಲೇ ಕರಗಸ್ರಿ, ನಾ ಇಲ್ಲೇ ಕೂಡ್ತೀನಿ." ಚಿಟಿಕೆ ಬಿಳಿಗಾರ ಬಿತ್ತು, ಊದುಗೊಳವೆಗೆ ಅಪ್ಪನ ಕೆನ್ನೆ ಉಬ್ಬಿತು. ಸಿಂಹ ಮೊದಲು ಕೆಂಪಾಯಿತು, ಆಮೇಲೆ ಅದರ ಬೆನ್ನು ಕುಸಿಯಿತು, ಕೊನೆಗೆ ಮೂಸೆಯ ತಳದಲ್ಲಿ ನಡುಗುವ ಒಂದು ಹನಿ ಮಾತ್ರ ಉಳಿಯಿತು. ಅಕ್ಕನ ಚಿನ್ನದಲ್ಲೂ ಅಕ್ಕಸಾಲಿ ಗುಂಜಿ ಕದಿಯುತ್ತಾನೆ ಎಂಬ ಗಾದೆ ಅಪ್ಪನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅದಕ್ಕೇ ರೈತರ ಎದುರಲ್ಲೇ ತೂಗಿದರು. ಒಂದು ಗುಂಜಿಯೂ ಕಡಿಮೆಯಾಗಿರಲಿಲ್ಲ. ಆ ಹುಡುಗಿಯ ಕಿವಿಗೆ ಬೆಂಡೋಲೆಯಾಯಿತು. ಇಬ್ಬರಲ್ಲೂ ಮೋಸವಿರಲಿಲ್ಲ, ತೂಕ ಸರಿಯಾಗಿತ್ತು. ಹೋದದ್ದು ಸಿಂಹ ಮತ್ತು ಅದರ ಪಕ್ಕದ ಅಕ್ಷರ.

ಎಷ್ಟೋ ವರ್ಷದ ಮೇಲೆ ಒಂದು ಪುಸ್ತಕದ ಪುಟದಲ್ಲಿ ನಿಮ್ಮ ನಾಣ್ಯದ ಚಿತ್ರ ಕಂಡೆ. ಅದೇ ಬಟ್ಟಲಿನ ಆಕಾರ, ಅದೇ ಸಿಂಹ, "ಶ್ರೀ" ಎಂಬ ಮುದ್ರೆ, ಮತ್ತು "ಜಗದೇಕಮಲ್ಲ" ಎಂಬ ಬಿರುದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಕರಗಿಸಿದ್ದು ನಿಮ್ಮದೇ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಅಂದಿನಿಂದ ಈ ಬಿಲ್ಲೆಗಳ ಹಿಂದೆ ಬಿದ್ದೆ.

ಕಸುಬಿನವನಾಗಿ ಮೊದಲು ನೋಡಿದ್ದು ಹೊಡೆದ ಬಗೆಯನ್ನು. ನಿಮಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆಯೇ ಗ್ರೀಕರು ಎರಡು ಅಚ್ಚುಗಳ ನಡುವೆ ಬಿಲ್ಲೆಯಿಟ್ಟು ಹೊಡೆಯುತ್ತಿದ್ದರು. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಕೂತಿರುತ್ತಿತ್ತು, ಮೇಲಿನದು ಕೈಯಲ್ಲಿ. ಸುತ್ತಿಗೆ ಬಿದ್ದರೆ ಎರಡು ಮುಖವೂ ಒಟ್ಟಿಗೆ ಮೂಡುತ್ತಿತ್ತು. ನಿಮ್ಮ ಕಮ್ಮಟದವರು ಹಾಗಲ್ಲ, ಒಂದೊಂದು ಮುದ್ರೆಯನ್ನೂ ಬೇರೆ ಬೇರೆಯಾಗಿ ಒತ್ತಿದರು: ಸಿಂಹಕ್ಕೊಂದು ಪೆಟ್ಟು, ಶ್ರೀಗೊಂದು ಪೆಟ್ಟು, ಬಿರುದಿಗೊಂದು ಪೆಟ್ಟು. ಒಂದು ಮುದ್ರೆ ಒತ್ತುವಾಗ ಪಕ್ಕದ್ದು ಕೆಡಬಾರದು, ತೆಳು ಬಂಗಾರ ಹರಿಯಬಾರದು. ಅದು ಎಂಥ ಕೈ ಎಂದು ನನಗೆ ಗೊತ್ತು. ಆ ಕೈಯವರ ಹೆಸರು ನಾಣ್ಯದ ಮೇಲೆ ಇಲ್ಲ.

ಬಂಗಾರದ ಬಿಲ್ಲೆಯನ್ನು ದೊರೆತನದ ಗುರುತಾಗಿ ಮಾಡಿದ ಕಥೆಯಲ್ಲಿ ಮೆಸಿಡೋನಿಯಾದ ಫಿಲಿಪ್ ದೊಡ್ಡ ಹೆಸರು. ಕ್ರಿ.ಪೂ. 356ರ ಹೊತ್ತಿಗೆ ಅವನಿಗೆ ಪಾಂಗಾಯಾನ್ ಬೆಟ್ಟದ ಗಣಿಗಳು ದಕ್ಕಿದವು. ಆ ಗಣಿಗಳ ಉತ್ಪತ್ತಿ ವರ್ಷಕ್ಕೆ ಸಾವಿರ ಟ್ಯಾಲೆಂಟ್ ಮೀರಿತು ಎಂದು ಡಯೊಡೊರಸ್ ಬರೆದಿದ್ದಾನೆ. ಫಿಲಿಪ್ಪನ ಬಂಗಾರದ ಸ್ಟೇಟರ್ ಎಂಟೂವರೆ ಗ್ರಾಮಿನಷ್ಟು ತೂಗುತ್ತಿತ್ತು. ಒಂದು ಮುಖದಲ್ಲಿ ಅಪೊಲೊ ದೇವರ ತಲೆ, ಇನ್ನೊಂದರಲ್ಲಿ ಜೋಡಿಕುದುರೆಯ ರಥ, ಕೆಳಗೆ ಅವನ ಹೆಸರು. ಜನ ಆ ನಾಣ್ಯವನ್ನೇ "ಫಿಲಿಪ್ಪು" ಎಂದು ಕರೆದರು. ರೋಮಿನ ನಾಟಕಕಾರ ಪ್ಲಾಟಸ್ ಬಂಗಾರದ ನಾಣ್ಯಕ್ಕೆ ಅದೇ ಹೆಸರನ್ನು ಬಳಸಿದ. ಗಾಲ್ ದೇಶದ, ಬ್ರಿಟನ್ನಿನ ಬುಡಕಟ್ಟಿನವರು ಅದನ್ನು ನಕಲು ಮಾಡುತ್ತಾ ಹೋದರು. ನಕಲಿನ ನಕಲಿನಲ್ಲಿ ರಥ ಕರಗಿ ಒಂದು ಗಾಲಿ, ಒಂದು ಕುದುರೆ ಉಳಿಯಿತು, ಅಪೊಲೊನ ಮುಖ ಗುಂಗುರುಕೂದಲಿನ ಗೆರೆಗಳಾಗಿ ಚದುರಿಹೋಯಿತು. ಅಚ್ಚು ಕೆತ್ತಿದವರಿಗೆ ಆ ದೊರೆ ಯಾರೆಂಬುದೇ ತಿಳಿದಿರಲಾರದು.

ಅವನ ಮಗ ಅಲೆಗ್ಸಾಂಡರ್ ಬಂಗಾರದ ಮೇಲೆ ಅಥೀನಾ ದೇವಿಯನ್ನೂ ರೆಕ್ಕೆಯ ಜಯದೇವತೆಯನ್ನೂ ಕೂರಿಸಿ ತನ್ನ ಹೆಸರು ಬರೆಸಿದ. ಮುಖ ಮಾತ್ರ ದೇವರಿಗೇ ಮೀಸಲು. ಅವನು ಸತ್ತ ಮೇಲೆ ದಳಪತಿಗಳು ರಾಜ್ಯ ಹಂಚಿಕೊಂಡರಷ್ಟೆ. ಈಜಿಪ್ಟಿನಲ್ಲಿ ಕೂತ ಟಾಲೆಮಿ, ಕ್ರಿ.ಪೂ. 305ರ ಸುಮಾರಿಗೆ ರಾಜನೆಂದು ಘೋಷಿಸಿಕೊಂಡವನು, ನಾಣ್ಯದ ಮೇಲೆ ತನ್ನದೇ ಮುಖವನ್ನು ಒತ್ತಿಸಿದ. ದೇವರು ಕೂತಿದ್ದ ಜಾಗಕ್ಕೆ ಬದುಕಿದ್ದ ಮನುಷ್ಯನೊಬ್ಬ ಬಂದು ಕೂತ. ಅದೇ ಬಂಗಾರದ ಹಿಂಬದಿಯಲ್ಲಿ ಅಲೆಗ್ಸಾಂಡರ್ ನಾಲ್ಕು ಆನೆ ಕಟ್ಟಿದ ರಥದಲ್ಲಿದ್ದಾನೆ. ಆ ಆನೆಗಳು ನಮ್ಮ ನಾಡಿನ ಕಡೆಯ ನೆನಪು.

ಇವರೆಲ್ಲರನ್ನೂ ಮೀರಿಸಿದವನು ಬ್ಯಾಕ್ಟ್ರಿಯಾದ ಗ್ರೀಕ ಯೂಕ್ರಟೈಡಿಸ್. ಅವನ ಒಂದು ಬಂಗಾರದ ನಾಣ್ಯ ಸುಮಾರು 169 ಗ್ರಾಂ ತೂಗುತ್ತದೆ, ಅಂದರೆ ಇಪ್ಪತ್ತು ಸ್ಟೇಟರ್. ಪ್ರಾಚೀನ ಕಾಲದಿಂದ ಉಳಿದುಬಂದ ಬಂಗಾರದ ನಾಣ್ಯಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಈಗ ಪ್ಯಾರಿಸ್ಸಿನಲ್ಲಿದೆ. ಶಿರಸ್ತ್ರಾಣ ತೊಟ್ಟ ಅವನ ಮುಖದ ಹಿಂಬದಿಯಲ್ಲಿ "ಮಹಾರಾಜ ಯೂಕ್ರಟೈಡಿಸ್" ಎಂದಿದೆ. ನಿಮ್ಮ ಬಂಗಾರದ ನಾಣ್ಯ ಗದ್ಯಾಣ ಮೂರೂವರೆಯಿಂದ ನಾಲ್ಕು ಗ್ರಾಂ. ಅವನ ಒಂದಕ್ಕೆ ನಿಮ್ಮವು ನಲವತ್ತಾದರೂ ಬೇಕು. ಅಷ್ಟು ಬಂಗಾರ ಸುರಿದು ಮುಖ ಬರೆಸಿಕೊಂಡವನು ಸ್ವಂತ ಮಗನ ಕೈಯಲ್ಲೇ ಸತ್ತ, ಮಗ ತಂದೆಯ ರಕ್ತದ ಮೇಲೆ ರಥ ಓಡಿಸಿದ ಎಂದು ಇತಿಹಾಸಕಾರ ಜಸ್ಟಿನ್ ಬರೆದಿಟ್ಟಿದ್ದಾನೆ.

ಆ ಗ್ರೀಕರ ಒಂದು ಪದ ನಿಮ್ಮ ಕಾಲದ ಕನ್ನಡದಲ್ಲೂ ಇತ್ತು, ದೊರೆಯೇ. ಅವರ ಡ್ರಾಕ್ಮ ಸಂಸ್ಕೃತ, ಪ್ರಾಕೃತಗಳ ಮೂಲಕ ದ್ರಮ್ಮವಾಗಿ ನಮ್ಮ ಶಾಸನಗಳ ತನಕ ನಡೆದು ಬಂತು. ಡ್ರಾಕ್ಮ ಎಂದರೆ ಅವರ ಮಾತಿನಲ್ಲಿ ಒಂದು ಹಿಡಿ. ನಾಣ್ಯವಿಲ್ಲದ ಕಾಲದಲ್ಲಿ ಒಂದು ಹಿಡಿ ಕಬ್ಬಿಣದ ಸರಳುಗಳನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದರಂತೆ, ಅದರಿಂದ ಬಂದ ಹೆಸರು. ಫಿಲಿಪ್ಪನ ಹೆಸರು ಗೊತ್ತಿಲ್ಲದ ಸೇನಬೋವ ಈ ಪದವನ್ನು ಕಲ್ಲಿನ ಮೇಲೆ ಬರೆಸಿದ. ದೊರೆಯ ಮುಖಕ್ಕಿಂತ ಅಳತೆಯ ಹೆಸರೇ ದೂರ ನಡೆದಿತ್ತು.

ನೀವು ಮುಖ ಒತ್ತಿಸಲಿಲ್ಲ. ಅದು ನನಗೆ ಇಷ್ಟವಾದ ಸಂಗತಿ. ನಿಮ್ಮ ಮನೆತನದವರು ಬಂಗಾರದ ಮೇಲೆ ಬಿರುದನ್ನಷ್ಟೇ ಬಿಟ್ಟುಹೋದಿರಿ. ಜಗದೇಕಮಲ್ಲ ಅಂದರೆ ಜಗತ್ತಿಗೆ ಒಬ್ಬನೇ ಜಟ್ಟಿ. ಆದರೆ ಆ ಬಿರುದಿನವರು ಇಬ್ಬರು. 1015ರಲ್ಲಿ ಪಟ್ಟಕ್ಕೆ ಬಂದ ಜಯಸಿಂಹ ಒಬ್ಬರು, 1138ರಲ್ಲಿ ಬಂದವರು ಇನ್ನೊಬ್ಬರು. ನಡುವಿನ ಆರನೇ ವಿಕ್ರಮಾದಿತ್ಯರು ಒಬ್ಬರಿಗೆ ಮೊಮ್ಮಗ, ಇನ್ನೊಬ್ಬರಿಗೆ ಅಜ್ಜ. ನಾಣ್ಯ ಹಿಡಿದವರು ಇದು ಯಾರದೆಂದು ಕೇಳಿದರೆ ಬಿರುದೊಂದೇ ಉತ್ತರ ಕೊಡಲಾರದು. ಹಾಗಾಗಿ ಈ ಪತ್ರವನ್ನು ನಿಮ್ಮಿಬ್ಬರಲ್ಲಿ ಯಾರಿಗೆ ಬರೆಯುತ್ತಿದ್ದೇನೆಂದು ನನಗೂ ಬಿಡಿಸಿ ಹೇಳಲಾಗದು. ಇಬ್ಬರೂ ಓದಿರಿ.

ಇನ್ನೂ ಒಂದು ಮಾತಿದೆ. ಗ್ರೀಕರ ನಾಣ್ಯಕ್ಕೆ ದೊರೆಯ ಹೆಸರು ನಿಂತಿತು. ಇಲ್ಲಿ ನಿಮ್ಮ ಕಾಲದ ಶಾಸನಗಳಲ್ಲಿ ದಾನ ಕೊಟ್ಟವರು ಎಷ್ಟೋ ಕಡೆ "ಲೊಕ್ಕಿಗುಂಡಿಯ ಗದ್ಯಾಣ" ಎಂದು ಬರೆಸಿದರು. ಲೊಕ್ಕಿಗುಂಡಿ ಎಂದರೆ ಗದಗಿನ ಹತ್ತಿರದ ಇಂದಿನ ಲಕ್ಕುಂಡಿ, ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರು. ಅಲ್ಲಿ ಕಮ್ಮಟವಿತ್ತು. ಅಲ್ಲಿನ ಬಂಗಾರದ ಬಣ್ಣದ ಮೇಲೆ ಜನಕ್ಕೆ ನಂಬಿಕೆಯಿತ್ತು, ನಾಣ್ಯಕ್ಕೆ ಆ ಊರಿನ ಹೆಸರನ್ನೇ ಇಟ್ಟರು. ಪತ್ತಾರನ ಮಗನಾಗಿ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಗಿರಾಕಿ ನಂಬುವುದು ಒರೆಯ ಗೆರೆಯನ್ನು ಮತ್ತು ಕೆಲಸದ ಕೈಯನ್ನು. ಬಿರುದು ನಿಮ್ಮದಾಗಿತ್ತು, ಮಾತು ಲೊಕ್ಕಿಗುಂಡಿಯ ಕುಲುಮೆಯದಾಗಿತ್ತು.

ಗದ್ಯಾಣ ಬಡವರ ಕೈಗೆ ಬರುತ್ತಿದ್ದುದು ಚೂರಾಗಿ. ಗದ್ಯಾಣ ಮುರಿದರೆ ಹಣ, ಹಣದ ಅರ್ಧಕ್ಕೆ ಅಡ್ಡ, ಕಾಲಿಗೆ ಹಾಗ, ಹದಿನಾರನೇ ಒಂದಕ್ಕೆ ವೀಸ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಸಂಘದವರು ಹೇರಿಗೆ ಇಷ್ಟು ವೀಸ ಎಂದು ಗುಡಿಗೆ ಬಿಟ್ಟುಕೊಟ್ಟರು. ಯಾರೋ ಒಬ್ಬರು ಕೆಲವು ಗದ್ಯಾಣ ಇಟ್ಟು, ಅದರ ಬಡ್ಡಿಯಲ್ಲಿ ನಂದಾದೀವಿಗೆ ಉರಿಯಲಿ ಎಂದು ಬರೆಸಿದರು. ನಮ್ಮೂರ ಗುಡಿಯ ಗರ್ಭಗೃಹದ ಮುಂದೆ ನಿಂತಾಗಲೆಲ್ಲ ಅಂಥ ದೀಪ ನೆನಪಾಗುತ್ತದೆ. ನಿಮ್ಮ ಬಂಗಾರ ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದು: ಎಣ್ಣೆಯಾಗಿ ಉರಿದದ್ದು.

ನಾಣ್ಯ ಎಂಥ ಮಾತಾಡಬಲ್ಲದು ಎಂಬುದನ್ನು ನಿಮ್ಮ ಸಾಮಂತರೇ ನಿಮ್ಮ ಮನೆತನಕ್ಕೆ ತೋರಿಸಿದರು. ಹೊಯ್ಸಳ ವಿಷ್ಣುವರ್ಧನರು ಕಲ್ಯಾಣಕ್ಕೆ ತಲೆಬಾಗಬೇಕಾದವರು. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಕಿತ್ತುಕೊಂಡ ಮೇಲೆ ಬಂಗಾರದ ನಾಣ್ಯ ಒತ್ತಿಸಿದರು. ಒಂದು ಬದಿ ಸಿಂಹ, ಇನ್ನೊಂದು ಬದಿ ಕನ್ನಡ ಅಕ್ಷರದಲ್ಲಿ "ತಲಕಾಡುಗೊಂಡ". ಇನ್ನೊಂದು ನಾಣ್ಯದ ಮೇಲೆ "ನೊಣಂಬವಾಡಿಗೊಂಡ". ಆ ಬಿಲ್ಲೆ ಸಂತೆಗಳಲ್ಲಿ ಕೈಯಿಂದ ಕೈಗೆ ಹೋಗುತ್ತಾ, ಇನ್ನು ಮುಂದೆ ನಾನು ಯಾರ ಕೈಕೆಳಗೂ ಇಲ್ಲ ಎಂದು ಹೇಳುತ್ತಿತ್ತು. ವಿಕ್ರಮಾದಿತ್ಯರು ಅವರ ಮೇಲೆ ಸಿಂದ ಮನೆತನದ ಸಾಮಂತ ಆಚುಗಿಯನ್ನು ಕಳಿಸಬೇಕಾಯಿತು. ನನ್ನ ಮಟ್ಟಿಗೆ ಕನ್ನಡ ನಾಡಿನ ನಾಣ್ಯಗಳಲ್ಲಿ ಇದರಷ್ಟು ನೇರವಾಗಿ ಮಾತಾಡಿದ್ದು ಮತ್ತೊಂದಿಲ್ಲ.

ಶತಮಾನಗಳಾದ ಮೇಲೆ ಮೈಸೂರಿನ ಹೈದರಾಲಿ ಬೇರೆ ದಾರಿ ಹಿಡಿದರು. 1763ರಲ್ಲಿ ಬಿದನೂರು ಗೆದ್ದ ಮೇಲೂ ಅಲ್ಲಿ ಚಲಾವಣೆಯಲ್ಲಿದ್ದ ವರಹದ ಶಿವಪಾರ್ವತಿಯನ್ನು ಹಾಗೇ ಉಳಿಸಿಕೊಂಡು, ಹಿಂಬದಿಯಲ್ಲಿ ತಮ್ಮ ಹೆಸರಿನ ಒಂದೇ ಒಂದು ಅಕ್ಷರ ಒತ್ತಿಸಿದರು. ಜನ ನಂಬಿದ ಮುಖವನ್ನು ಕೆಡಿಸಬಾರದೆಂಬ ವಿವೇಕ ಅವರಿಗಿತ್ತು.

ನಂಬದ ಮುಖಕ್ಕೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 1898ರಲ್ಲಿ ತಮಿಳುನಾಡಿನ ಪುದುಕ್ಕೋಟೆ ಸೀಮೆಯಲ್ಲಿ 501 ರೋಮನ್ ಬಂಗಾರದ ನಾಣ್ಯಗಳು ಸಿಕ್ಕವು. ಹೆಚ್ಚಿನವುಗಳಲ್ಲಿ ಚಕ್ರವರ್ತಿಯ ಕೆನ್ನೆಗೆ ಅಡ್ಡವಾಗಿ ಉಳಿಯ ಗಾಯವಿದೆ. ಯಾರೋ ಉದ್ದೇಶಪಟ್ಟೇ ಕೊಯ್ದು ಮುಖವನ್ನು ರದ್ದು ಮಾಡಿ ಬಂಗಾರವನ್ನಷ್ಟೇ ಇಟ್ಟುಕೊಂಡಿದ್ದರು. ನಮ್ಮಜ್ಜಿಯ ಕೊರಳಲ್ಲಿ ಪುತಳಿ ಸರವಿತ್ತು. ಪುತಳಿ ಎಂಬ ಹೆಸರು ವೆನಿಸ್ಸಿನ ಡ್ಯುಕಾಟ್ ನಾಣ್ಯಕ್ಕೆ ನಮ್ಮ ಕಡೆಯವರು ಇಟ್ಟದ್ದು. ಅದರ ಮೇಲೆ ಅಲ್ಲಿನ ದೊರೆ ಸಂತನ ಮುಂದೆ ಮೊಣಕಾಲೂರಿದ್ದಾನೆ. ಅಜ್ಜಿಗೆ ಅವು ಎರಡು ಗೊಂಬೆ, ಅಷ್ಟೆ. ಕುಣಿಕೆ ಬೆಸೆದು, ದಾರ ಪೋಣಿಸಿ, ದೀಪಾವಳಿಗೆ ತೊಟ್ಟುಕೊಳ್ಳುತ್ತಿದ್ದರು.

ನಿಮ್ಮ ಭಂಡಾರದ ಮಾತು ಬಂದರೆ ಕಲ್ಯಾಣದವನಾಗಿ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ನಿಮ್ಮ ಸಿಂಹಾಸನ ಕಳಚುರಿ ಬಿಜ್ಜಳನ ಕೈಗೆ ಹೋದಾಗ ಅವನ ಭಂಡಾರದ ಕೀಲಿ ಬಸವಣ್ಣನವರ ಬಳಿಯಿತ್ತು. ದೊರೆಯ ಹೊನ್ನನ್ನು ಜಂಗಮರಿಗೆ ಹಂಚುತ್ತಿದ್ದಾರೆ ಎಂದು ಚಾಡಿ ಹೋಯಿತು, ಭಂಡಾರ ತೆರೆದು ಎಣಿಸಿದರೆ ಲೆಕ್ಕ ಸರಿಯಾಗಿತ್ತು ಎಂಬ ಕಥೆಯನ್ನು ನಮ್ಮ ಸೀಮೆಯ ಹುಡುಗರು ಇಂದಿಗೂ ಕೇಳುತ್ತಾರೆ. ಎಂಟುನೂರು ವರ್ಷ ದಾಟಿದ ಮೇಲೆ ಕಲ್ಯಾಣ ಯಾವ ಜಟ್ಟಿಯ ಹೆಸರನ್ನೂ ಹೊತ್ತಿಲ್ಲ, ಆ ಭಂಡಾರಿಯ ಹೆಸರನ್ನು ಹೊತ್ತಿದೆ.

ಈಗ ದೂರಿಗೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ನಿಮ್ಮ ಬಂಗಾರದ ಆಸೆ ಸತ್ತಿಲ್ಲ. ಅಮಾವಾಸ್ಯೆ ಬಂತೆಂದರೆ ಹಾಳು ಗುಡಿಗಳ ಹತ್ತಿರ ಹಾರೆಯ ಸದ್ದು. ನಂದಿಯ ಕೆಳಗೆ ಹೊನ್ನಿದೆ, ಲಿಂಗದ ಪೀಠದಲ್ಲಿ ಕೊಪ್ಪರಿಗೆಯಿದೆ ಎಂದು ಯಾರೋ ಮಂತ್ರವಾದಿ ಹೇಳಿದರೆ ಸಾಕು. ಬೆಳಗ್ಗೆ ಹೋಗಿ ನೋಡಿದರೆ ಮಗುಚಿ ಬಿದ್ದ ನಂದಿ, ಕಿತ್ತ ಚಪ್ಪಡಿ, ನಿಂಬೆಹಣ್ಣು, ಕುಂಕುಮ. ಒಂದು ಗದ್ಯಾಣದ ಆಸೆಗೆ, ಆ ಗದ್ಯಾಣ ಯಾವ ಗುಡಿಯ ದೀಪಕ್ಕೆ ಹೋಗಿತ್ತೋ ಆ ಗುಡಿಯನ್ನೇ ಕೆಡವುತ್ತಾರೆ. ನೆಲದಲ್ಲಿ ತಾನಾಗಿ ಸಿಕ್ಕಿದ್ದೂ ಉಳಿಯುವುದಿಲ್ಲ. ಹೇಳಿದರೆ ಸರಕಾರ ಕಸಿಯುತ್ತದೆ, ಪೊಲೀಸರು ಬರುತ್ತಾರೆ ಎಂಬ ಭಯ. ರಾತ್ರೋರಾತ್ರಿ ಮೂಸೆ ಸೇರುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಅದೇ.

ಈ ವಿಷಯಕ್ಕೆ ಕಾನೂನು ಬರೆದವರೂ ಇದೇ ಕಲ್ಯಾಣದವರು ಎಂಬುದು ನನಗೆ ತಡವಾಗಿ ತಿಳಿಯಿತು. ವಿಕ್ರಮಾದಿತ್ಯರ ಆಸ್ಥಾನದ ವಿಜ್ಞಾನೇಶ್ವರರು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದರು. ಮುಂದೆ ಇಂಡಿಯಾದ ಹೆಚ್ಚಿನ ಭಾಗದಲ್ಲಿ ಹಿಂದೂಗಳ ಆಸ್ತಿ ಪಾಲು ಅದರ ಮೇಲೆ ನಡೆಯಿತು. ಅದರಲ್ಲಿ ನಿಧಿಯ ಮಾತೂ ಬರುತ್ತದೆ. ಸಾಮಾನ್ಯನೊಬ್ಬನಿಗೆ ನಿಧಿ ಸಿಕ್ಕರೆ, ಅವನಿಗೆ ಆರನೇ ಒಂದು ಪಾಲು ಕೊಟ್ಟು ಉಳಿದದ್ದನ್ನು ರಾಜ ತೆಗೆದುಕೊಳ್ಳಬೇಕು. ತಿಳಿಸದೆ ಬಚ್ಚಿಟ್ಟು ಸಿಕ್ಕಿಬಿದ್ದರೆ ನಿಧಿಯನ್ನೂ ಕೊಡಬೇಕು, ದಂಡವನ್ನೂ ಕಟ್ಟಬೇಕು. ಬ್ರಿಟಿಷರು 1878ರಲ್ಲಿ ತಂದ ಕಾಯ್ದೆಯೂ ಇದೇ ಜಾಡಿನದು. ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿ ಮೀರಿ ಬೆಲೆಬಾಳಿದರೆ ಕಲೆಕ್ಟರಿಗೆ ತಿಳಿಸಬೇಕು, ಸಿಕ್ಕವನಿಗೂ ಅದರಲ್ಲಿ ಹಕ್ಕಿದೆ. ನಮ್ಮ ರಾಜ್ಯವೂ 1962ರಲ್ಲಿ ತನ್ನ ಕಾಯ್ದೆ ಮಾಡಿತು. ಅವತ್ತು ನಮ್ಮ ಜಗಲಿಯ ಮೇಲೆ ಕೂತ ಇಬ್ಬರಿಗೂ ಇದರ ಒಂದಕ್ಷರ ತಿಳಿದಿರಲಿಲ್ಲ. ತಿಳಿಸಲು ಯಾರೂ ಬಂದಿರಲಿಲ್ಲ. ಹಾಲಿ ಸಿಕ್ಕಾ ರೂಪಾಯಿ ಎಣಿಸಿ ಬೆಳೆದ ನಿಜಾಮನ ಕಾಲದ ಮುದುಕರಿಗೆ ದೊರೆ ಅಂದರೆ ಕಸಿಯುವವನು, ಅಷ್ಟೇ ಗೊತ್ತಿತ್ತು.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಇದ್ದಾಳೆ. ಅವಳು ಕೈಯೆತ್ತಿ ವಿಕ್ರಮಾದಿತ್ಯರ ಹೊಗಳಿಕೆಯನ್ನು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಅವಳನ್ನು ಕರಗಿಸಲು ಬರುವುದಿಲ್ಲ, ಅದಕ್ಕೇ ಉಳಿದಿದ್ದಾಳೆ. ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಾಲಿಕೆಯ ಬೆರಳು ನೋಡಿ ಅವಳು ಕೇಳಿದಳು: "ಅಜ್ಜಾ, ಇಂಥಾ ರಾಜರ ರೊಕ್ಕ ಹ್ಯಾಂಗಿತ್ತು?" ತೋರಿಸಲು ನನ್ನ ಬಳಿ ಪುಸ್ತಕದ ಚಿತ್ರವಿತ್ತು, ಅಷ್ಟೇ. ನಮ್ಮೂರ ಶಾಲೆಯಲ್ಲಿ ನಿಮ್ಮ ನಾಣ್ಯವನ್ನು ಕಣ್ಣಾರೆ ಕಂಡ ಒಂದು ಮಗುವೂ ನನಗೆ ಈವರೆಗೆ ಸಿಕ್ಕಿಲ್ಲ. ಅದು ಬಿಡ್ಡು ಕೂಗುವ ಪೇಟೆಗಳಲ್ಲಿದೆ, ದೂರದ ಊರುಗಳ ಬೀಗ ಹಾಕಿದ ಕಪಾಟುಗಳಲ್ಲಿದೆ. ಕಲ್ಯಾಣದಲ್ಲಿ ಅದು ಕಣ್ಣಿಗೆ ಬೀಳುವಂತಿರಬೇಕು.

ಆದ್ದರಿಂದ ದೊರೆಯೇ, ನಿಮ್ಮ ಹೆಸರಿನಲ್ಲಿ ಇದನ್ನು ಓದುವ ಎಲ್ಲರಲ್ಲೂ ಕೇಳಿಕೊಳ್ಳುತ್ತಿದ್ದೇನೆ. ಹೊಲದಲ್ಲಿ, ಪಾಯದಲ್ಲಿ ಇಂಥದ್ದು ಸಿಕ್ಕವರು ಅದನ್ನು ತಿಕ್ಕಬೇಡಿ, ಕರಗಿಸಬೇಡಿ, ಸಿಕ್ಕ ಜಾಗ ನೆನಪಿಟ್ಟುಕೊಂಡು ತಹಶೀಲ್ದಾರರಿಗೆ ಹೇಳಿ. ನನ್ನ ಕಸುಬಿನವರು ಒರೆ ಹಚ್ಚುವ ಮೊದಲು ಒಮ್ಮೆ ತಿರುಗಿಸಿ ನೋಡಿ, ಸಿಂಹ ಕಂಡರೆ ಕುಲುಮೆ ಆರಿಸಿ. ಅಧಿಕಾರದಲ್ಲಿರುವವರು ಕೊಟ್ಟವನಿಗೆ ಅವನ ಪಾಲನ್ನು ತಡಮಾಡದೆ ಕೊಡಿ, ಕಳ್ಳನಂತೆ ನಿಲ್ಲಿಸಿ ಪ್ರಶ್ನೆ ಕೇಳಬೇಡಿ. ಮತ್ತು ಒಂದೇ ಒಂದು ಗದ್ಯಾಣವನ್ನು ಬಸವಕಲ್ಯಾಣಕ್ಕೆ ಕಳಿಸಿ, ಗಾಜಿನ ಹಿಂದೆ, ದೀಪದ ಕೆಳಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ.

ಅಪ್ಪನ ಒರೆಗಲ್ಲು ನನ್ನ ಬಳಿಯೇ ಇದೆ. ಪತ್ತಾರರು ಕಲ್ಲಿನ ಮೇಲಿನ ಗೆರೆಗಳನ್ನೂ ಸುಮ್ಮನೆ ಬಿಡುವುದಿಲ್ಲ, ಮೇಣದ ಉಂಡೆ ಒತ್ತಿ ಆ ಬಂಗಾರವನ್ನೂ ಎತ್ತಿಕೊಳ್ಳುತ್ತಾರೆ. ಅಪ್ಪನೂ ಹಾಗೇ ಮಾಡುತ್ತಿದ್ದರು. ಆ ಸಂಜೆ ಎಳೆದ ಗೆರೆ ಎಂದೋ ಹೋಗಿದೆ. ಆದರೂ ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ, ಕಲ್ಲನ್ನು ತೊಳೆದು ಬಿಸಿಲಿಗೆ ಓರೆಯಾಗಿ ಹಿಡಿದು ನೋಡುತ್ತೇನೆ.

ಇಂತಿ ನಿಮ್ಮ ನೆಲದವನು,
ನಾರಾಯಣಪುರದ ಒಬ್ಬ ಪತ್ತಾರ